ಕೋಲಾರದಲ್ಲಿ ಟಾಕೋ ಅಂಗಡಿ ಇಟ್ಟರೆ ನಡೆಯುತ್ತಾ?

ಮಾವಿನತೋಪು

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರ ಕಡೆ. ಬೆಂಗಳೂರಿನ ಒಂದು ಮೆಕ್ಸಿಕನ್ ರೆಸ್ಟೋರೆಂಟ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಪಾತ್ರೆ ತೊಳೆಯುವುದರಿಂದ ಶುರುವಾಗಿ ಈಗ ಒಲೆ ಮುಂದೆ ನಿಂತಿದ್ದೇನೆ. ಇನ್ನು ಊರ ಕಡೆ ಬಂದು ಸ್ವಂತದ್ದು ಏನಾದರೂ ಮಾಡಬೇಕು ಅಂತಿದ್ದೇನೆ.

ಯೋಚನೆ ಇಷ್ಟು. ಕೋಲಾರ ಟೌನ್‌ನಲ್ಲಿ ಇಪ್ಪತ್ತು ಜನ ಕೂರುವ ಜಾಗ, ಸಂಜೆ ಮಾತ್ರ. ಟಾಕೋ (ಪುಟ್ಟ ರೊಟ್ಟಿ ಮಡಚಿ ಒಳಗೆ ಪಲ್ಯ ಇಟ್ಟಿದ್ದು), ಬುರಿಟೋ (ದೊಡ್ಡ ರೊಟ್ಟಿಯಲ್ಲಿ ಸುತ್ತಿದ್ದು), ಕೆಸಡಿಯಾ (ರೊಟ್ಟಿ ನಡುವೆ ಚೀಸ್ ಕರಗಿಸಿದ್ದು), ನಾಚೋಸ್ (ಕರಿದ ರೊಟ್ಟಿ ಚೂರು), ಜತೆಗೆ ಒಂದಿಷ್ಟು ಪಾಸ್ತಾ, ಥಾಯ್ ಐಟಂ. ಡೂಮ್‌ಲೈಟ್ ಸರ್ಕಲ್ ಹತ್ತಿರ ಒಂದು ಮಳಿಗೆ ನೋಡಿದ್ದೇನೆ, ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಟಮಕದಲ್ಲಿ ಇನ್ನೊಂದಿದೆ, ಬಾಡಿಗೆ ಕಮ್ಮಿ.

"ಮುದ್ದೆ ತಿನ್ನೋ ಊರಲ್ಲಿ ಇದನ್ನ ಯಾರು ತಿಂತಾರೋ" ಅಂತ ಅಪ್ಪ. "ನರಸಾಪುರದ ಫ್ಯಾಕ್ಟರಿಗಳಲ್ಲಿ ಸಾವಿರಾರು ಹುಡುಗರಿದ್ದಾರೆ, ಕಣ್ಣು ಮುಚ್ಚಿಕೊಂಡು ಹಾಕು" ಅಂತ ಸ್ನೇಹಿತರು. ಇಬ್ಬರ ಮಾತೂ ನಂಬಿಕೆ ಬರುತ್ತಿಲ್ಲ. ಅಂಗಡಿ ನಡೆಸಿದವರು ಹೇಳಿ.

ಬಂಗಾರಪೇಟೆ ಲೋಕಲ್

ಹಾಕಿ ಗುರು! ಚೀಸ್ ಜಾಸ್ತಿ ಹಾಕಿ, ಮಯೊನೀಸ್ ಸುರೀರಿ, ರೀಲ್ ಬಿಡಿ. ಜನ ಬಂದೇ ಬರುತ್ತಾರೆ.

ಸಂಜೆಅಂಗಡಿ

ಜನ ಬರುತ್ತಾರೆ ತಮ್ಮಾ, ಅದರಲ್ಲಿ ನನಗೂ ಅನುಮಾನ ಇಲ್ಲ. ನಾನೂ ನಮ್ಮ ಯಜಮಾನರೂ ಟೌನ್‌ನಲ್ಲಿ ನೂಡಲ್ಸ್, ಮೋಮೊ ಅಂಗಡಿ ನಡೆಸುತ್ತಿದ್ದೇವೆ. ಹೊಸ ಬೋರ್ಡ್ ಕಂಡರೆ ಕೋಲಾರದವರು ಒಳಗೆ ಬಂದು ನೋಡಿಯೇ ಹೋಗುತ್ತಾರೆ. ಫೋಟೋ ತೆಗೆಯುತ್ತಾರೆ, ಚೆನ್ನಾಗಿದೆ ಅಂತಾರೆ. ಆದರೆ ಬಾಡಿಗೆ ಕಟ್ಟುವುದು ಎರಡನೇ ಸಲ ಬಂದವರ ದುಡ್ಡಿನಿಂದ. ದೊಡ್ಡ ಸಿಟಿಯಲ್ಲಾದರೆ ಒಂದೊಂದೇ ಸಲ ಬಂದು ಹೋಗುವವರಿಂದಲೇ ವರ್ಷ ತಳ್ಳಬಹುದು. ನಮ್ಮಂಥ ಊರಲ್ಲಿ ಕುತೂಹಲಕ್ಕೆ ಬರುವವರು ಬೇಗ ಮುಗಿದುಹೋಗುತ್ತಾರೆ. ಆಮೇಲೆ ಕುರ್ಚಿ ತುಂಬಿಸುವವರು ಯಾರು?

ನಿಮ್ಮ ಲಿಸ್ಟ್ ನೋಡಿದರೆ ಭಯ ಆಗುತ್ತೆ. ಟಾಕೋನೂ ಬೇಕು, ಪಾಸ್ತಾನೂ ಬೇಕು, ಥಾಯ್ ಕೂಡ ಬೇಕು. ಒಂದು ಪ್ಲೇಟ್ ಥಾಯ್ ಕರಿಗೋಸ್ಕರ ತೆಂಗಿನ ಹಾಲಿನ ಡಬ್ಬ ಒಡೆಯುತ್ತೀರಿ, ಮಿಕ್ಕಿದ್ದು ಫ್ರಿಜ್‌ನಲ್ಲಿ ಕೂತು ಮೂರನೇ ದಿನ ಚರಂಡಿಗೆ. ಮುಳಬಾಗಿಲು ದೋಸೆ ತಿನ್ನೋಕೆ ಹೈವೇ ಬಿಟ್ಟು ಊರೊಳಗೆ ಬರುತ್ತಾರಲ್ಲ, ಅವರು ಮೆನು ಉದ್ದ ಇದೆ ಅಂತ ಬರುತ್ತಾರಾ?

ನರಸಾಪುರದ ವಿಷಯ. ಹೋಂಡಾ, ಐಫೋನ್ ಫ್ಯಾಕ್ಟರಿ ಎಲ್ಲಾ ಇದೆ, ನಿಜ. ಆದರೆ ಅಲ್ಲಿನ ಹುಡುಗ ಹುಡುಗಿಯರು ಶಿಫ್ಟ್ ಲೆಕ್ಕದಲ್ಲಿ ಬದುಕುವವರು. ಕಂಪನಿ ಬಸ್, ಕ್ಯಾಂಟೀನ್ ಊಟ, ಪಿಜಿಗೆ ವಾಪಸ್. ಸಂಬಳದಲ್ಲಿ ಮನೆಗೂ ಕಳಿಸಬೇಕು. ಟೌನ್‌ಗೆ ಬರುವುದು ವಾರದ ರಜೆ ದಿನ, ಅದೂ ಗುಂಪಾಗಿ. ಗುಂಪಾಗಿ ಬಂದವರು ಹಂಚಿಕೊಂಡು ತಿನ್ನುವ ತಟ್ಟೆ ಕೇಳುತ್ತಾರೆ, ತಲೆಗೊಂದು ಬುರಿಟೋ ಅಲ್ಲ. ಅವರನ್ನು ನಂಬಿ ಸೋಮವಾರದಿಂದ ಶುಕ್ರವಾರದ ತನಕ ಬಾಗಿಲು ತೆಗೆಯೋಕಾಗಲ್ಲ.

ಇನ್ನೊಂದು, ಶ್ರಾವಣ ಬಂತು ಅಂದರೆ ಚಿಕನ್ ಅರ್ಧಕ್ಕೆ ಬೀಳುತ್ತೆ. ಕಾರ್ತಿಕದಲ್ಲಿ ಸೋಮವಾರ ಇಲ್ಲ, ಮಾಲೆ ಹಾಕಿದವರು ಸಂಕ್ರಾಂತಿ ತನಕ ಇಲ್ಲ. ಪ್ರತಿ ಶನಿವಾರ ತಿನ್ನದವರು ಬೇರೆ. ವೆಜ್ ಐಟಂ ಸುಮ್ನೆ ಲೆಕ್ಕಕ್ಕೆ ಇರಬಾರದು. ತವಾ, ಚಾಕು, ಮಣೆ ಎಲ್ಲಾ ಬೇರೆ ಇಡಿ, ಗಿರಾಕಿಗೆ ಕಾಣುವ ಹಾಗೆ ಇಡಿ.

ಟಮಕ ಪಿಜಿ ರೂಮ್ 9

ಮೆಡಿಕಲ್ ಕಾಲೇಜಿನ ಕಡೆಯಿಂದ ಹೇಳ್ತಿದ್ದೀನಿ ಅಣ್ಣಾ. ನಮಗೆ ಹಸಿವಾಗೋದೇ ರಾತ್ರಿ ಹತ್ತರ ಮೇಲೆ. ಆಗ ಸಿಗೋದು ಫ್ರೈಡ್‌ರೈಸ್, ಎಗ್‌ರೈಸ್, ಮತ್ತೆ ಫ್ರೈಡ್‌ರೈಸ್. ಬೇರೆ ಏನಾದ್ರೂ ಕೊಟ್ರೆ ಖಂಡಿತ ತಗೋತೀವಿ. ಆದ್ರೆ ಪರೀಕ್ಷೆ ಮುಗಿದ ಮೇಲೆ ರಸ್ತೆಯೇ ಖಾಲಿ, ಅದನ್ನೂ ಲೆಕ್ಕ ಹಾಕ್ಕೊಳ್ಳಿ. ನಾಲ್ಕು ಜನ ಸೇರಿ ನಾನೂರರೊಳಗೆ ಹೊಟ್ಟೆ ತುಂಬಬೇಕು. ಅದರ ಮೇಲೆ ಹೋದ್ರೆ ಬರ್ತ್‌ಡೇಗೆ ಮಾತ್ರ ಬರ್ತೀವಿ.

ಮಾವಿನತೋಪು

ಅಕ್ಕಾ, ಥಾಯ್, ಪಾಸ್ತಾ ಎರಡೂ ತೆಗೆದೆ. ಬೆಂಗಳೂರಲ್ಲಿ ಎಲ್ಲಾ ಕಡೆ ಹಾಗೇ ಇರುತ್ತಲ್ಲ ಅಂತ ಬರೆದುಬಿಟ್ಟಿದ್ದೆ.

ಮೆಕ್ಸಿಕನ್ ಯಾಕೆ ಅಂದರೆ ನನಗೆ ಕೈಗೆ ಬರುವುದು ಅದೇ. ಅದಕ್ಕೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ನಮ್ಮ ಜಿಲ್ಲೆಯಲ್ಲೇ ಸಿಗುತ್ತೆ. ಟೊಮೆಟೊ, ಮೆಣಸಿನಕಾಯಿ, ಮುಸುಕಿನ ಜೋಳ ಮೂರೂ ಮೂಲದಲ್ಲಿ ಆ ಕಡೆಯವೇ. ನಮ್ಮ ನೆಲಕ್ಕೆ ಬಂದಿದ್ದು ಪೋರ್ಚುಗೀಸರು ಬಂದ ಮೇಲೆ. ಸಾಲ್ಸಾ ಮಾಡೋದು ಹೇಗೆ ಗೊತ್ತಾ? ಟೊಮೆಟೊ, ಹಸಿಮೆಣಸು, ಬೆಳ್ಳುಳ್ಳಿ ಕಾದ ಕಬ್ಬಿಣದ ತವಾ ಮೇಲೆ ಎಣ್ಣೆ ಇಲ್ಲದೆ ಹಾಕಿ, ಸಿಪ್ಪೆ ಕಪ್ಪಾಗುವ ತನಕ ಸುಟ್ಟು, ಉಪ್ಪು ಹಾಕಿ ತರಿತರಿಯಾಗಿ ಅರೆಯೋದು. ಮೇಲೆ ಈರುಳ್ಳಿ, ಕೊತ್ತಂಬರಿ, ನಿಂಬೆರಸ. ನಮ್ಮಜ್ಜಿ ಮುದ್ದೆಗೆ ಮಾಡುತ್ತಿದ್ದ ಸುಟ್ಟ ಟೊಮೆಟೊ ಗೊಜ್ಜಿಗೂ ಇದಕ್ಕೂ ನಿಂಬೆಹಣ್ಣೊಂದೇ ವ್ಯತ್ಯಾಸ. ಅವರ ಒಣಮೆಣಸಿನಕಾಯಿ ಇಲ್ಲಿ ಸಿಗಲ್ಲ, ಸಿಕ್ಕರೂ ರೇಟು ಕೇಳೋಕಾಗಲ್ಲ. ಖಾರ ಕಮ್ಮಿ ಬಣ್ಣ ಜಾಸ್ತಿ ಬೇಕಾದಲ್ಲಿ ಬ್ಯಾಡಗಿ ಸಾಕು.

ಟೊಮೆಟೊ ಮಂಡಿ

ಟೊಮೆಟೊ ಮಾತು ಬಂತು ಅಂತ ನಾನೂ ಬಂದೆ. ನಮ್ಮ ಎಪಿಎಂಸಿ ಪಕ್ಕದಲ್ಲೇ ಇದೆ ಅಂದ ಮಾತ್ರಕ್ಕೆ ಟೊಮೆಟೊ ಸಸ್ತಾ ಅಂದುಕೊಳ್ಳಬೇಡಿ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಇಲ್ಲಿ ಎರಡು ಸಾವಿರ ದಾಟಿತ್ತು. ಇನ್ನೊಂದು ವರ್ಷ ಅದೇ ಬಾಕ್ಸ್ ಕೇಳುವವರಿಲ್ಲದೆ ರಸ್ತೆಗೆ ಸುರಿಯುತ್ತಾರೆ. ಟಾಕೋ ರೇಟನ್ನು ನೀವು ವಾರವಾರ ಬದಲಾಯಿಸೋಕಾಗಲ್ಲ ಅಲ್ವಾ?

ಅಗ್ಗ ಇದ್ದಾಗ ತಗೊಳ್ಳಿ, ಸುಟ್ಟು ಅರೆದು ಡೀಪ್‌ಫ್ರೀಜರ್‌ನಲ್ಲಿ ಇಡಿ. ಬೇಯಿಸುವ ಸಾಸ್‌ಗೆ ಅದು ನಡೆಯುತ್ತೆ. ಹಸಿ ಸಾಲ್ಸಾಗೆ ಮಾತ್ರ ದಿನದ ಹಣ್ಣು. ಲಾರಿಗೆ ಲೋಡ್ ಆಗುವ ಹೈಬ್ರಿಡ್ ಕಾಯಿ ಗಟ್ಟಿ ಸಿಪ್ಪೆಯದು, ದೂರದ ಊರಿಗೆ ತಡೆಯುತ್ತೆ, ಹುಳಿ ಕಮ್ಮಿ. ನಿಮಗೆ ಬೇಕಾದ್ದು ನಾಟಿ. ಪೂರ್ತಿ ಹಣ್ಣಾಗಿ ದೂರ ಹೋಗದೆ ಉಳಿದ ಮಾಲು ಹೊತ್ತು ಏರಿದ ಮೇಲೆ ಕಮ್ಮಿ ರೇಟಿಗೆ ಸಿಗುತ್ತೆ. ಅದು ನಿಮಗೆ ಮೊದಲ ದರ್ಜೆ ಮಾಲಿಗಿಂತ ಒಳ್ಳೆಯದು. ಒಡೆದದ್ದು, ಬೂಸ್ಟು ಹಿಡಿದದ್ದು ಮಾತ್ರ ಆರಿಸಿ ತೆಗೆಯಿರಿ.

ಮುದ್ದೆ ಉಪ್ಸಾರು

ನನ್ನದೊಂದು ಐಡಿಯಾ. ರಾಗಿ ಟಾಕೋ! ಒಳಗೆ ಹಿತಕಿದ ಬೇಳೆ. ಪೇಪರ್‌ನವರು ಓಡಿ ಬರುತ್ತಾರೆ.

ಸಂಜೆಅಂಗಡಿ

ಪೇಪರ್‌ನವರು ಒಂದೇ ಸಲ ಬರುತ್ತಾರೆ ಸರ್.

ಮುದ್ದೆ ಉಪ್ಸಾರು

ಹಹ್ಹಾ, ಸರಿ ಮೇಡಂ. ಆದರೂ ಜನರ ನಾಲಿಗೆಗೆ ಒಗ್ಗಿಸಬೇಕಲ್ವಾ? ಗೋಬಿ ಮಂಚೂರಿ ಚೀನಾದಲ್ಲಿ ಎಲ್ಲಿದೆ?

ಅವರೆ ಸೊಗಡು

ಒಗ್ಗಿಸೋದು ಬೇರೆ, ವೇಷ ಹಾಕೋದು ಬೇರೆ. ಪಾನಿಪುರಿ ನಮ್ಮ ಕಡೆಯದಲ್ಲ, ಉತ್ತರದಿಂದ ಬಂದಿದ್ದು. ಬಂಗಾರಪೇಟೆಯವರು ಏನು ಮಾಡಿದರು? ಪೂರಿ ಪೂರಿಯಾಗೇ ಇರಲಿ ಅಂತ ಬಿಟ್ಟರು. ಪಾನಿ ಮಾತ್ರ ಬದಲಾಯಿಸಿದರು. ನೋಡೋಕೆ ಕುಡಿಯೋ ನೀರಿನ ಥರ ತಿಳಿ, ಬಾಯಿಗಿಟ್ಟರೆ ನೆತ್ತಿಗೆ ಹೊಡೆಯೋ ಖಾರ. ಇವತ್ತು ಬೆಂಗಳೂರಲ್ಲಿ ಬೋರ್ಡ್ ಮೇಲೆ ಬಂಗಾರಪೇಟೆ ಅಂತ ಬರೆದುಕೊಂಡು ಮಾರುತ್ತಾರೆ. ಬದಲಾಯಿಸಿದ್ದು ಒಂದನ್ನೇ, ಆ ಒಂದನ್ನು ಸರಿಯಾಗಿ ಬದಲಾಯಿಸಿದರು.

ಮಾವಿನತೋಪು ಅವರು ರೊಟ್ಟಿಯನ್ನು ಮುಟ್ಟಬಾರದು ಅನ್ನೋದು ನನ್ನ ಅಭಿಪ್ರಾಯ. ಒಳಗಿನ ಪಲ್ಯ ಋತುವಿಗೆ ತಕ್ಕ ಹಾಗೆ ಇರಲಿ. ಜನವರಿಯಲ್ಲಿ ಅವರೆಕಾಳು ಹಾಕಿದರೆ ಯಾರು ಬೇಡ ಅಂತಾರೆ? ಆದರೆ ಅದನ್ನು "ಫ್ಯೂಷನ್" ಅಂತ ಬೋರ್ಡ್ ಹಾಕಬೇಡಿ, ಓದಿದವರೆಲ್ಲ ಓಡಿಹೋಗುತ್ತಾರೆ.

ಅಂದಹಾಗೆ ರೊಟ್ಟಿ ಯಾವುದರದ್ದು? ಮೈದಾನಾ, ಪ್ಯಾಕೆಟ್‌ದಾ?

ಮಾವಿನತೋಪು

ಮುಸುಕಿನ ಜೋಳದ್ದೇ, ನಾನೇ ಮಾಡೋದು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮುಸುಕಿನ ಜೋಳದ ಹಿಟ್ಟನ್ನು ಹಾಗೇ ಕಲಸಿದರೆ ಮೆಕ್ಸಿಕೋದ ರೊಟ್ಟಿ ಬರಲ್ಲ, ಮಡಚಿದ ಕೂಡಲೇ ಮುರಿಯುತ್ತೆ. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಬೇಕು. ಕೆಜಿ ಕಾಳಿಗೆ ಹತ್ತು ಗ್ರಾಂ ಸುಣ್ಣ, ಮೂರು ಲೀಟರ್ ನೀರು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ನಮ್ಮ ಕಾಳು ಗಟ್ಟಿ, ಒಮ್ಮೊಮ್ಮೆ ಇನ್ನೂ ಜಾಸ್ತಿ ಬೇಕು. ನೀರು ಹಳದಿಗೆ ತಿರುಗಿ ಸುಣ್ಣ ಹೊಡೆದ ಗೋಡೆಗೆ ಮಳೆ ಬಿದ್ದ ಹಾಗೆ ಒಂದು ವಾಸನೆ ಬರುತ್ತೆ. ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ಉಗುರಲ್ಲಿ ಕತ್ತರಿಸಿದರೆ ನಡುವೆ ಚೂರು ಬಿಳಿ ಉಳಿದಿರಬೇಕು. ಆಗ ಒಲೆ ಆರಿಸಿ ರಾತ್ರಿಯಿಡೀ ಮುಚ್ಚಿಡೋದು. ಬೆಳಗ್ಗೆ ತೊಳೆದು, ನೀರು ಆದಷ್ಟು ಕಮ್ಮಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಗ್ರೈಂಡರ್‌ಗೆ ಹಾಕಿ ರುಬ್ಬೋದು. ಹಿಟ್ಟು ಕೈಗೆ ಅಂಟಬಾರದು, ಒತ್ತಿದರೆ ಅಂಚು ಬಿರುಕು ಬಿಡಬಾರದು. ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ಪೂರಿ ಒತ್ತುವ ಪ್ರೆಸ್‌ನಲ್ಲಿ ಒತ್ತಿ, ಕಾದ ತವಾ ಮೇಲೆ ಹಾಕಿದರೆ ಎರಡನೇ ಸಲ ತಿರುವಿದಾಗ ಉಬ್ಬುತ್ತೆ. ಉಬ್ಬಿದ್ದನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಗಂಟೆಗಟ್ಟಲೆ ಮೆತ್ತಗಿರುತ್ತೆ.

ಒಂದು ಕೆಜಿ ಒಣ ಕಾಳಿಗೆ ಅಂಗೈ ಅಗಲದ ರೊಟ್ಟಿ ಐವತ್ತರ ಮೇಲೆ ಬರುತ್ತೆ. 2025-26ರ ಸರ್ಕಾರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಆರಿಸಿದ ಒಳ್ಳೆ ಕಾಳಿಗೆ ಇನ್ನಷ್ಟು ಕೊಟ್ಟರೂ ಒಂದು ರೊಟ್ಟಿಗೆ ಜೋಳದ ಖರ್ಚು ಒಂದು ರೂಪಾಯಿ ಆಗಲ್ಲ. ಹೊರದೇಶದ ಪ್ಯಾಕೆಟ್ ಹಿಟ್ಟಿಗೆ ಅದರ ಹತ್ತು ಪಟ್ಟು ಕೊಡಬೇಕು.

ಅವರೆ ಸೊಗಡು

ಇದು ಓದಿ ಬಾಯಲ್ಲಿ ನೀರು ಬಂತು. ಇದೇ ನಿಮ್ಮ ಅಂಗಡಿ. ಮಿಕ್ಕಿದ್ದೆಲ್ಲ ಅಲಂಕಾರ.

ಎರಡು ಎಚ್ಚರಿಕೆ, ನನ್ನ ಓದು ಆಹಾರದ ಕಡೆಯದೇ ಆದ್ದರಿಂದ. ನಮ್ಮಲ್ಲಿ ಸಿಗುವ ಮುಸುಕಿನ ಜೋಳದ ಬಹುಪಾಲು ಕೋಳಿ ಮೇವಿಗೆ ಹೋಗುವಂಥದ್ದು. ತೇವದಲ್ಲಿ ಇಟ್ಟ ಕಾಳಿಗೆ ಬೂಸ್ಟು ಬರುತ್ತೆ, ಆ ಬೂಸ್ಟಿನ ವಿಷ ಅಫ್ಲಾಟಾಕ್ಸಿನ್ ಬೇಯಿಸಿದರೆ ಹೋಗಲ್ಲ. ಚೆನ್ನಾಗಿ ಒಣಗಿಸಿದ ಕಾಳನ್ನು ಗೊತ್ತಿರುವ ರೈತರ ಹತ್ತಿರ ತಗೊಳ್ಳಿ. ಗೌರಿಬಿದನೂರು ಕಡೆ ಬೇಕಾದಷ್ಟು ಬೆಳೆಯುತ್ತಾರೆ. ವರ್ಷಕ್ಕೊಮ್ಮೆಯಾದರೂ ಲ್ಯಾಬ್‌ಗೆ ಕೊಡಿ. ಎರಡನೆಯದು ಸುಣ್ಣ. ಗೋಡೆಗೆ ಹೊಡೆಯುವ ಸುಣ್ಣ ಬೇಡವೇ ಬೇಡ, ಆಹಾರ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂತ ಕೇಳಿ.

ಒಂದು ಮಾತು ಸೇರಿಸಿಬಿಡುತ್ತೇನೆ. ಈ ಸುಣ್ಣದ ವಿದ್ಯೆ ಬರೀ ಮೆತ್ತಗಾಗೋಕಲ್ಲ. ಜೋಳದಲ್ಲಿರುವ ನಯಾಸಿನ್ ಅನ್ನೋ ವಿಟಮಿನ್ ದೇಹಕ್ಕೆ ದಕ್ಕಬೇಕಾದರೆ ಸುಣ್ಣ ಬೇಕು. ಯುರೋಪಿನವರು ಕಾಳು ತಗೊಂಡು ಹೋದರು, ಸುಣ್ಣ ಬಿಟ್ಟು ಹೋದರು. ಅದಕ್ಕೇ ಬರೀ ಜೋಳ ತಿಂದು ಬದುಕಿದ ಬಡವರಿಗೆ ಆ ವಿಟಮಿನ್ ಕೊರತೆಯ ರೋಗ ಪೆಲಾಗ್ರ ಬಂತು. ಇದನ್ನು ಮೆನು ಕಾರ್ಡ್‌ನಲ್ಲಿ ಬರೆಯಬೇಡಿ, ತಿನ್ನೋಕೆ ಬಂದವರಿಗೆ ಪಾಠ ಬೇಡ.

ಲೆಕ್ಕದ ಡೈರಿ

ರುಚಿ ಆಯಿತು, ದುಡ್ಡಿನ ಮಾತಾಡೋಣ. ಹೋಟೆಲ್‌ಗಳ ಲೆಕ್ಕ ಬರೆಯೋದೇ ನನ್ನ ಕೆಲಸ.

ಮೊದಲು ಆನ್‌ಲೈನ್. ಎರಡು ಟಾಕೋ ಪ್ಲೇಟಿಗೆ 149 ಇಟ್ಟಿರಿ ಅಂದುಕೊಳ್ಳೋಣ. ಕಮಿಷನ್ ನೂರಕ್ಕೆ 25 ಅಂತ ಹಿಡಿಯಿರಿ, ಒಪ್ಪಂದದ ಮೇಲೆ ಹೆಚ್ಚುಕಮ್ಮಿ ಆಗುತ್ತೆ. ಅದು 37 ರೂಪಾಯಿ. ಕಮಿಷನ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 7. ಕೈಗೆ ಬರೋದು 105. ಡಬ್ಬಿ, ಸಾಸ್ ಕಪ್, ಟಿಶ್ಯೂಗೆ 10 ಕಳೆಯಿರಿ. ಸಾಮಾನಿನ ಖರ್ಚು 50 ಅಂದರೆ ಉಳಿಯೋದು 45. ಅದರಲ್ಲಿ ಗ್ಯಾಸ್, ಕರೆಂಟ್, ಹುಡುಗನ ಸಂಬಳ, ಬಾಡಿಗೆ. ಆಫರ್ ಕೊಡಿ ಅಂತ ಫೋನ್ ಬಂದಾಗ ಈ 45 ನೆನಪಿರಲಿ. ಮೇಲಾಗಿ ಟಾಕೋ ಅರ್ಧ ಗಂಟೆ ಡಬ್ಬಿಯಲ್ಲಿ ಕೂತರೆ ನೆನೆದು ಮುದ್ದೆಯಾಗುತ್ತೆ. ಡೆಲಿವರಿಗೆ ಬೇರೆಯೇ ಐಟಂ ಮಾಡಿ. ಅನ್ನ, ಕಾಳು, ಸಾಲ್ಸಾ ಹಾಕಿದ ಬೌಲ್ ಆದರೆ ತಡೆಯುತ್ತೆ.

ಕಾಗದಪತ್ರ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರದ) ನೋಂದಣಿ ತಳ್ಳುಗಾಡಿಗೂ ಬೇಕು, 14 ಅಂಕಿಯ ನಂಬರ್ ಬಿಲ್ ಮೇಲೆ ಹಾಕಬೇಕು. ನಗರಸಭೆಯ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ. ಬೋರ್ಡ್‌ನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಆಗಿದೆ, ಬೋರ್ಡ್ ಬರೆಸುವಾಗಲೇ ಹೇಳಿ. ಮನೆ ಸಿಲಿಂಡರ್ ಬಳಸಬೇಡಿ, 19 ಕೆಜಿ ಕಮರ್ಷಿಯಲ್ ತಗೊಳ್ಳಿ.

ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಸಾಮಾನ್ಯ ರೆಸ್ಟೋರೆಂಟ್‌ಗೆ 5 ಪರ್ಸೆಂಟ್, ಆದರೆ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಜನ ಕ್ಯೂಆರ್ ಕಿತ್ತು ಹಾಕಿದರು ನೋಡಿದ್ದೀರಲ್ಲ. ಮನೆ ದುಡ್ಡು, ಅಂಗಡಿ ದುಡ್ಡು ಒಂದೇ ಖಾತೆಯಲ್ಲಿ ಬೆರೆತರೆ ಆಮೇಲೆ ಬಿಡಿಸೋಕೆ ನನ್ನಂಥವರಿಗೆ ದುಡ್ಡು ಕೊಡಬೇಕಾಗುತ್ತೆ. ಮೊದಲ ದಿನವೇ ಬೇರೆ ಖಾತೆ ಮಾಡಿಸಿ.

ಸಂಜೆಅಂಗಡಿ

ಬಣ್ಣದ ವಿಷಯ ಬಿಟ್ಟಿರಿ ಸರ್. 2024ರ ಮಾರ್ಚ್‌ನಲ್ಲಿ ಗೋಬಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ನಿಷೇಧ ಆಯಿತು. ಆಗ ಕೆಲವು ಗಿರಾಕಿಗಳು "ಕೆಂಪೇ ಇಲ್ಲವಲ್ಲ" ಅಂತ ಮುಖ ಸಿಂಡರಿಸಿದರು. ಬ್ಯಾಡಗಿ ನೆನೆಸಿ ಅರೆದು ಹಾಕಿದೆವು, ಈಗ ಯಾರೂ ಕೇಳಲ್ಲ. ತಮ್ಮ ಬ್ಯಾಡಗಿ ಅಂದಿದ್ದು ಸರಿಯಾಗಿದೆ.

ಅಡ್ವಾನ್ಸ್ ವಿಷಯಕ್ಕೆ ಬರುತ್ತೇನೆ. ಹತ್ತು ತಿಂಗಳ ಅಡ್ವಾನ್ಸ್ ಈಗಲೇ ಕೊಡಬೇಡಿ. ಮೊದಲು ಶನಿವಾರ ಭಾನುವಾರ ಮಾತ್ರ ಗಾಡಿ ಹಾಕಿ. ಅಂತರಗಂಗೆ ರಸ್ತೆಯಲ್ಲಿ ಸಂಜೆ ವಾಕಿಂಗ್ ಬರುವವರು, ಬೆಟ್ಟ ಹತ್ತಿ ಇಳಿಯುವವರು ಇರುತ್ತಾರೆ. ನಾಲ್ಕೇ ಐಟಂ. ಬಂದವರ ಮುಖ ನೆನಪಿಟ್ಟುಕೊಳ್ಳಿ, ಅದಕ್ಕೆ ಆ್ಯಪ್ ಬೇಡ. ಎರಡನೇ ಸಲ ಬಂದವರನ್ನು "ಏನು ಇಷ್ಟ ಆಯಿತು" ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅವರು ತಟ್ಟೆಯಲ್ಲಿ ಏನು ಬಿಟ್ಟರು ನೋಡಿ. ನಮ್ಮಲ್ಲಿ ಸೂಪ್ ಬೌಲ್ ಅರ್ಧರ್ಧ ವಾಪಸ್ ಬರುತ್ತಿತ್ತು. ಬೌಲ್ ಚಿಕ್ಕದು ಮಾಡಿ ಹತ್ತು ರೂಪಾಯಿ ಇಳಿಸಿದೆವು, ಆರ್ಡರ್ ಜಾಸ್ತಿ ಆಯಿತು.

ಅಂಗಡಿ ಹಿಡಿಯುವಾಗ ಕರಾರು ಕರೆಕ್ಟಾಗಿ ಮಾಡಿಸಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ನಂಬಿ ಗ್ರಾನೈಟ್, ಚಿಮಣಿ, ಪೈಪು ಅಂತ ದುಡ್ಡು ಸುರಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ವ್ಯಾಪಾರ ಕುದುರಿದ ಮೇಲೆ ಮಾಲೀಕರು ಬಾಡಿಗೆ ದುಪ್ಪಟ್ಟು ಕೇಳಿದರು. ಮೂರು ವರ್ಷಕ್ಕಾದರೂ ನೋಂದಣಿ ಮಾಡಿದ ಕರಾರು ಇರಲಿ, ವರ್ಷಕ್ಕೆ ಎಷ್ಟು ಏರಿಸಬಹುದು ಅನ್ನೋದು ಅದರಲ್ಲೇ ಇರಲಿ.

ಬಂಗಾರಪೇಟೆ ಲೋಕಲ್

ಅಕ್ಕಾ, ನೀವು ಹೇಳೋದು ಕೇಳಿದ್ರೆ ಯಾರೂ ಬೆಳೆಯೋದೇ ಬೇಡ ಅನ್ಸುತ್ತೆ. ಎರಡು ಮೂರು ಬ್ರಾಂಚ್, ಫ್ರಾಂಚೈಸಿ ಅಂತ ಕನಸು ಬೇಡ್ವಾ?

ಸಂಜೆಅಂಗಡಿ

ಬೇಕು ತಮ್ಮಾ, ನನಗೂ ಇದೆ. ನೀವು ಅಡುಗೆಮನೆಯಲ್ಲಿ ಇಲ್ಲದ ಭಾನುವಾರ ಅದೇ ರುಚಿ ಬಂತು ಅಂದರೆ ಎರಡನೇ ಅಂಗಡಿ ಯೋಚನೆ ಮಾಡಬಹುದು. ಹುಡುಗರು ಬಿಟ್ಟು ಹೋಗುತ್ತಾರೆ, ನರಸಾಪುರ, ವೇಮಗಲ್‌ನಲ್ಲಿ ಫ್ಯಾಕ್ಟರಿ ಕೆಲಸ ಇರುವಾಗ ತವಾ ಮುಂದೆ ಬೇಯೋಕೆ ಯಾರು ನಿಲ್ಲುತ್ತಾರೆ? ನಮ್ಮಲ್ಲಿ ಎಲ್ಲದಕ್ಕೂ ಅಳತೆ ಇದೆ, ಇಷ್ಟು ಗ್ರಾಂ, ಇಷ್ಟು ನಿಮಿಷ. ಗೋಡೆಗೆ ಅಂಟಿಸಿದ್ದೇವೆ. ಸಾಸ್ ಮಾತ್ರ ನಾನೇ ಬೆಳಗ್ಗೆ ಮಾಡಿಡುತ್ತೇನೆ.

ಮಾವಿನತೋಪು ಬೆಳೆಯಬೇಕಾದ್ದು ಬ್ರಾಂಚ್‌ನಿಂದ ಅಲ್ಲ ಅನ್ನಿಸುತ್ತೆ. ಆ ಜೋಳದ ರೊಟ್ಟಿ ಬೆಂಗಳೂರಿನ ರೆಸ್ಟೋರೆಂಟ್‌ಗಳಿಗೆ ಬೇಕಾಗುತ್ತಲ್ವಾ? ಬೆಳಗ್ಗೆ ಅದನ್ನು ಮಾಡಿ ಬಸ್ಸಿಗೆ ಹಾಕಿ, ಸಂಜೆ ಅಂಗಡಿ. ಗ್ರೈಂಡರ್ ಒಂದೇ, ಕೆಲಸ ಎರಡು.

ಲೆಕ್ಕದ ಡೈರಿ

ಒಳ್ಳೆ ಮಾತು ಮೇಡಂ. ರೊಟ್ಟಿ, ಸಾಲ್ಸಾ ಪ್ಯಾಕ್ ಮಾಡಿ ಮಾರಿದರೆ ಅದು ಆಹಾರ ಸಂಸ್ಕರಣೆ ಲೆಕ್ಕಕ್ಕೆ ಬರುತ್ತೆ. ಪಿಎಂಎಫ್‌ಎಂಇ ಅನ್ನೋ, ಸಣ್ಣ ಆಹಾರ ಸಂಸ್ಕರಣಾ ಘಟಕಗಳ ಕೇಂದ್ರ ಯೋಜನೆಯಲ್ಲಿ 2025-26ರ ತನಕ ನೂರಕ್ಕೆ 35 ಸಹಾಯಧನ ಇತ್ತು, 10 ಲಕ್ಷದ ಮಿತಿಯೊಳಗೆ. ಬರೀ ಹೋಟೆಲ್‌ಗೆ ಅದು ಸಿಗಲ್ಲ. ಅರ್ಜಿ ಹಾಕೋ ಮುಂಚೆ ಜಿಲ್ಲಾ ಕೃಷಿ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ಮಾವಿನತೋಪು

ಎಲ್ಲರಿಗೂ ಥ್ಯಾಂಕ್ಸ್. ಅಡ್ವಾನ್ಸ್ ಕೊಡಲ್ಲ ಅಂತ ಮಾಲೀಕರಿಗೆ ಹೇಳಿಬಿಟ್ಟೆ. ಗಾಡಿಯಿಂದಲೇ ಶುರು. ಚಿಕನ್ ಟಾಕೋ, ಮೊಟ್ಟೆ ಟಾಕೋ, ಅಲಸಂದೆಕಾಳು ಪನೀರ್ ಟಾಕೋ, ಹಂಚಿಕೊಂಡು ತಿನ್ನೋಕೆ ನಾಚೋಸ್ ತಟ್ಟೆ. ಮುರಿದ ರೊಟ್ಟಿ, ಹಿಂದಿನ ದಿನದ ರೊಟ್ಟಿ ಕರಿದರೆ ಅದೇ ನಾಚೋಸ್, ಏನೂ ಬಿಸಾಡೋದಿಲ್ಲ. ಬೆಣ್ಣೆಹಣ್ಣು ಮಳೆಗಾಲದಲ್ಲಿ ಕೊಡಗಿನದು ಬಂದಾಗ ಮಾತ್ರ. ಬೇಸಿಗೆಯಲ್ಲಿ ನಮ್ಮ ತೋಟದ ತೋತಾಪುರಿ ಕಾಯಿ ಸಾಲ್ಸಾ. ಅದಕ್ಕೆ ಅಪ್ಪನೂ ಒಪ್ಪಿದ್ದಾರೆ. ಟಾಕೋಗಲ್ಲ, ಕಾಯಿಗೆ ಮಂಡಿಗಿಂತ ಎರಡು ರೂಪಾಯಿ ಜಾಸ್ತಿ ಕೊಡ್ತೀನಿ ಅಂದಿದ್ದಕ್ಕೆ.

ಟಮಕ ಪಿಜಿ ರೂಮ್ 9

ರಾತ್ರಿ ಎಷ್ಟು ಗಂಟೆ ತನಕ ಅಣ್ಣಾ?

ಮಾವಿನತೋಪು

ಹಿಟ್ಟು ಮುಗಿಯೋ ತನಕ. ಹತ್ತೂವರೆ ಅಂದುಕೊಳ್ಳಿ.

ನೀರಿನ ಟ್ಯಾಂಕರ್

ಒಂದು ವಿಷಯ ಯಾರೂ ಕೇಳಲಿಲ್ಲ. ಜೋಳ ಬೇಯಿಸೋಕೆ, ತೊಳೆಯೋಕೆ ಇಷ್ಟು ನೀರು ಬೇಕಲ್ಲ, ಕೋಲಾರದಲ್ಲಿ ಎಲ್ಲಿಂದ ತರುತ್ತೀರಿ? ನಮ್ಮ ಬೋರ್‌ವೆಲ್ ನೀರು ಗಡಸು, ರುಚಿಯೂ ಬದಲಾಗುತ್ತೆ. ಆಮೇಲೆ ಆ ಸುಣ್ಣದ ನೀರು ಎಲ್ಲಿಗೆ ಬಿಡುತ್ತೀರಿ? ರಸ್ತೆ ಬದಿ ಸುರಿದರೆ ಮೊದಲನೇ ವಾರವೇ ಪಕ್ಕದವರ ಜಗಳ.

ಮಾವಿನತೋಪು

ಬೇಯಿಸೋಕೆ ಫಿಲ್ಟರ್ ನೀರು, ತೊಳೆಯೋಕೆ ಟ್ಯಾಂಕರ್ ಅಂದುಕೊಂಡಿದ್ದೇನೆ ಸರ್. ಬೇಯಿಸೋದು, ರುಬ್ಬೋದು ಎಲ್ಲಾ ಊರಲ್ಲೇ, ಗಾಡಿಗೆ ಹಿಟ್ಟು ಮಾತ್ರ ಬರುತ್ತೆ. ಸುಣ್ಣದ ನೀರನ್ನು ಗಿಡಕ್ಕೆ ಬಿಡಬಹುದಾ ಅಂತ ಗೊತ್ತಾಗುತ್ತಿಲ್ಲ.

ಅವರೆ ಸೊಗಡು

ಹಾಗೇ ಬಿಡಬೇಡಿ. ಅದರಲ್ಲಿ ಕ್ಷಾರ ಜಾಸ್ತಿ, ನಮ್ಮ ಕಡೆ ಮಣ್ಣು ಕೆಲವು ಕಡೆ ಮೊದಲೇ ಹಾಗಿದೆ. ತೊಟ್ಟಿಯಲ್ಲಿ ಒಂದು ದಿನ ನಿಲ್ಲಿಸಿ, ಸಿಪ್ಪೆ ಗಷ್ಟು ತಳಕ್ಕೆ ಕೂರುತ್ತೆ, ಅದನ್ನು ತೆಗೆದು ತಿಪ್ಪೆಗೆ ಹಾಕಿ. ಮೇಲಿನ ನೀರನ್ನು ಪಾತ್ರೆ ತೊಳೆದ ಮಾಮೂಲಿ ನೀರಿನ ಜತೆ ಬೆರೆಸಿ ಇಂಗುಗುಂಡಿಗೆ ಬಿಡಿ, ಕುಡಿಯುವ ನೀರಿನ ಬೋರ್‌ನಿಂದ ದೂರ ಇರಲಿ. ಪಿಎಚ್ (ಹುಳಿ, ಕ್ಷಾರದ ಮಟ್ಟ) ನೋಡುವ ಪಟ್ಟಿ ಸಸ್ತಾ ಸಿಗುತ್ತೆ, ಒಂದು ಕಟ್ಟು ತಗೊಂಡಿಡಿ. ಮುಂದೆ ಟೌನ್‌ನಲ್ಲಿ ಅಂಗಡಿ ಹಿಡಿದಾಗ ಸಿಂಕ್ ಕೆಳಗೆ ಜಿಡ್ಡು ತಡೆಯುವ ಟ್ರ್ಯಾಪ್ ಇದೆಯಾ ಅಂತ ಮೊದಲು ಬಗ್ಗಿ ನೋಡಿ, ಟೈಲ್ಸ್ ಆಮೇಲೆ.